ಹೆಲ್ಮೆಟ್ ಒಳಗಿನ ರಿಹರ್ಸಲ್

ಬೆಳಗಾವಿಯಲ್ಲಿ ನನ್ನ ಮೊದಲ ಕೆಲಸ ಸಾಲ ಮಾರುವುದು. ಉದ್ಯಮಬಾಗದ ವರ್ಕ್‌ಶಾಪು, ಫೌಂಡ್ರಿಗಳಿಗೆ ಹೋಗಿ ಮಾಲೀಕರನ್ನು ಮಾತಾಡಿಸಿ, ಮಷಿನ್ ಲೋನ್ ಬೇಕಾ ಅಂತ ಕೇಳಬೇಕು. ನಾನೋ, ಮದುವೆ ಮನೆಯಲ್ಲೂ ಮೂಲೆಯ ಖುರ್ಚಿ ಹುಡುಕುವವನು. ಗೇಟಿನ ಮುಂದೆ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ, ಅದರೊಳಗೇ "ನಮಸ್ಕಾರ ಸರ್, ಎರಡೇ ನಿಮಿಷ" ಅಂತ ನಾಲ್ಕೈದು ಸಲ ಹೇಳಿಕೊಳ್ಳುತ್ತಿದ್ದೆ. ಗಾಜಿಗೆ ಉಸಿರು ಹಿಡಿದು ಮಬ್ಬಾಗುತ್ತಿತ್ತು. ಎಷ್ಟೋ ದಿನ ಸುಮ್ನೆ ಬೈಕ್ ತಿರುಗಿಸಿಕೊಂಡು ಬಂದಿದ್ದೇನೆ.

ಆರು ತಿಂಗಳಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಅಂದರು. ರೂಮಿನ ಊಟ ಅಂದರು. ಗುಳಿಗೆ ನುಂಗಿದೆ, ಅಜವಾನ ಅಗಿದೆ. ಕೊನೆಗೆ ವಯಸ್ಸಾದ ಡಾಕ್ಟರೊಬ್ಬರು, "ರವಿವಾರ ಸಂಜಿಗೆ ಜಾಸ್ತಿ ಆಗ್ತೈತೇನಪಾ?" ಅಂತ ಕೇಳಿದರು. ಹೌದಲ್ಲ! ಶನಿವಾರ ರಾತ್ರಿ ಒಂದು ದಿನವೂ ನೋವು ಬಂದಿರಲಿಲ್ಲ.

ನನ್ನ ಚಿಕ್ಕಪ್ಪನ ಮಗನದು ಉಲ್ಟಾ ಕಥೆ. ಗೋಡೆಯನ್ನೂ ಮಾತಾಡಿಸುವ ಹುಡುಗ, ಬಾಗಲಕೋಟೆಯ ನವನಗರದಲ್ಲಿ ಒಬ್ಬನೇ ಕೂತು ದಿನವಿಡೀ ಡೇಟಾ ಎಂಟ್ರಿ ಮಾಡುತ್ತಿದ್ದ. ನಿದ್ದೆ ಹೋಗಿತ್ತು, ಸಣ್ಣದಕ್ಕೆಲ್ಲ ಸಿಟ್ಟು. ಮನೆಯವರು ನನಗೆ ಬಾಯಿಸತ್ತವನು ಅಂದರು, ಅವನಿಗೆ ಸೊಕ್ಕು ಅಂದರು.

ಜಾನ್ ಹಾಲಂಡ್ ಅಂತ ಒಬ್ಬ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ವಭಾವಕ್ಕೂ ಕೆಲಸಕ್ಕೂ ಹೊಂದಿಕೆ ಬೇಕು ಅನ್ನೋದನ್ನು 1959ರಲ್ಲೇ ಬರೆಯಲು ಶುರುಮಾಡಿದ್ದರು. ಜನರನ್ನೂ ಕೆಲಸಗಳನ್ನೂ ಆರು ಬಗೆಯಾಗಿ ನೋಡಿ, ಎರಡೂ ಹೊಂದಿದರೆ ಮನುಷ್ಯ ನೆಮ್ಮದಿಯಾಗಿ ಅಲ್ಲಿ ನಿಲ್ಲುತ್ತಾನೆ ಅಂದರು. ಆಮೇಲಿನ ಅಧ್ಯಯನಗಳಲ್ಲಿ ಈ ಸಂಬಂಧ ಕಂಡಿದೆ, ಆದರೆ ನಾವು ಅಂದುಕೊಳ್ಳುವಷ್ಟು ದೊಡ್ಡದಾಗಿ ಅಲ್ಲ. ಅದು ನನಗೂ ಸರಿ ಅನಿಸುತ್ತೆ. ಹೊಂದುವ ಕೆಲಸದಲ್ಲೂ ಬೈಯುವ ಬಾಸ್ ಇದ್ದರೆ, ಪಗಾರ ತಡವಾದರೆ, ತಲೆ ಕೆಡದೇ ಇರುತ್ತಾ? ನನ್ನನ್ನು ಸುಸ್ತು ಮಾಡಿದ್ದು ಕೆಲಸದ ಹೊರೆಯಲ್ಲ, ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆವರೆಗೆ ಬೇರೆ ಯಾರೋ ಆಗಿ ನಟಿಸುವುದು. ನಮ್ಮ ಕಡೆ ಸ್ವಭಾವ ಯಾರು ಕೇಳುತ್ತಾರೆ? ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್ ಚಲೋ ಬಂತಾ, ಸೈನ್ಸ್. ಮುಗೀತು.

ಎಲ್ಲರೂ ರಾಜೀನಾಮೆ ಕೊಡಿ ಅಂತ ನಾನು ಹೇಳಲ್ಲ. ಬೈಕಿನ ಕಂತು ನನಗೂ ಇತ್ತು. ಅದೇ ಆಫೀಸಿನಲ್ಲಿ ಸಾಲದ ಕಾಗದಪತ್ರ ನೋಡುವ ಟೇಬಲ್ ಖಾಲಿಯಾದಾಗ ಕೇಳಿಕೊಂಡೆ, ಕೊಟ್ಟರು. ಇನ್ಸೆಂಟಿವ್ ಹೋಯಿತು, ಅಪ್ಪ ಒಂದು ವಾರ ಮಾತು ಬಿಟ್ಟರು. ಆದರೆ ಹೊಟ್ಟೆ ಹಗುರಾಯಿತು. ಅದಕ್ಕೂ ಮೊದಲು ಎರಡು ರಾತ್ರಿ 14416ಕ್ಕೆ ಫೋನ್ ಮಾಡಿದ್ದೆ. ಅದು 2022ರಲ್ಲಿ ಸರ್ಕಾರ ಶುರುಮಾಡಿದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರುವ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತು ಬಾರದ ನಾನು ಅಲ್ಲಿ ನಲವತ್ತು ನಿಮಿಷ ಮಾತಾಡಿದೆ!

ಆ ಚಿಕ್ಕಪ್ಪನ ಮಗ ಈಗ ಇಳಕಲ್‌ನ ಸೀರೆ ಅಂಗಡಿಯಲ್ಲಿದ್ದಾನೆ. ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಹೇಗೆ ಜೋಡಿಸುತ್ತಾರೆ ಅಂತ ಗಿರಾಕಿಗಳಿಗೆ ಅರ್ಧ ತಾಸು ಹೇಳುತ್ತಾನಂತೆ. ಮೊನ್ನೆ ಫೋನ್ ಮಾಡಿದಾಗ ದನಿಯೇ ಬರುತ್ತಿರಲಿಲ್ಲ. "ನಿನ್ನ ಹೊಟ್ಟಿಬ್ಯಾನಿ ಹೋತು, ನನಗ ಗಂಟಲಬ್ಯಾನಿ ಬಂತು ನೋಡಣ್ಣಾ" ಅಂದ. ಅಂದು, ಮತ್ತೆ ಮುಕ್ಕಾಲು ತಾಸು ಮಾತಾಡಿದ.