ಹೊರಗೆ ಅನ್ನ, ಒಳಗೆ ಬೆಣ್ಣೆಹಣ್ಣು

9 ಮಾರ್ಚ್ 2024, ಶನಿವಾರ
ಲಾಸ್ ಏಂಜಲಿಸ್

ಮಧ್ಯಾಹ್ನ ಆಫೀಸಿನ ಗೆಳೆಯನ ಜೊತೆ ಇಲ್ಲಿನ ಜಪಾನಿ ಪೇಟೆ ಲಿಟಲ್ ಟೋಕಿಯೋಗೆ ಹೋಗಿದ್ದೆ. ಊಟಕ್ಕೆ ಸುಶಿ, ಅಂದರೆ ಅನ್ನದ ಜೊತೆ ಹೆಚ್ಚಾಗಿ ಹಸಿ ಮೀನು ಇಟ್ಟು ಕೊಡುವ ಜಪಾನಿ ತಿನಿಸು. ನಾನು ಉಡುಪಿ ಕಡೆಯವನು, ಬಂಗುಡೆ ತಿಂದೇ ಬೆಳೆದವನು, ಆದರೂ ಹಸಿ ಮೀನು ಮುಂದೆ ಬಂದಾಗ ಕೈ ಏಳಲಿಲ್ಲ. ಹುಳಿ ಖಾರ ಇಲ್ಲದೆ ಅದೆಂಥ ಮೀನು! ಸುಮ್ನೆ ಕ್ಯಾಲಿಫೋರ್ನಿಯಾ ರೋಲ್ ತರಿಸಿಕೊಂಡು ಮಾನ ಉಳಿಸಿಕೊಂಡೆ.

ಗೆಳೆಯ ನಕ್ಕ. ಇಲ್ಲೇ ಹುಟ್ಟಿದವನು, ನಗಲಿ ಬಿಡಿ. ಅವನ ಅಜ್ಜನ ಕಾಲದವರೂ ನನ್ನ ಹಾಗೆಯೇ ಮುಖ ಹಿಂಡಿದವರು.

1960ರ ದಶಕದ ಮಧ್ಯದಲ್ಲಿ ಇದೇ ಪೇಟೆಯ ಕವಾಫುಕು ಹೋಟೆಲಿನಲ್ಲಿ ಸುಶಿ ಬಾರ್ ಶುರುವಾಯಿತು. ಜಪಾನಿನಿಂದ ಆಹಾರ ಸಾಮಾನು ತರಿಸುತ್ತಿದ್ದ ನೊರಿತೋಶಿ ಕನಾಯ್ ಅದರ ಹಿಂದಿದ್ದರು. ಮೊದಲು ಬಂದವರು ಜಪಾನಿ ವ್ಯಾಪಾರಿಗಳು, ಅವರ ಜೊತೆ ಮೆಲ್ಲಗೆ ಅವರ ಅಮೆರಿಕನ್ ಪರಿಚಯಸ್ಥರು. ಹತ್ತಿರದ ಟೋಕಿಯೋ ಕೈಕಾನ್‌ನಲ್ಲಿ ಇಚಿರೊ ಮಾಶಿತಾ ಎಂಬ ಅಡುಗೆಯವರಿಗೆ ಟ್ಯೂನಾದ ಕೊಬ್ಬಿದ ಹೊಟ್ಟೆಭಾಗ, ಅಂದರೆ ಟೊರೊ, ವರ್ಷವಿಡೀ ಸಿಗುತ್ತಿರಲಿಲ್ಲ. ಬೆಣ್ಣೆಹಣ್ಣು ಮಾತ್ರ ಕ್ಯಾಲಿಫೋರ್ನಿಯಾದಲ್ಲಿ ಬೇಕಾದಷ್ಟು. ಬಾಯಲ್ಲಿ ಅದೂ ಹಾಗೇ ಕರಗುತ್ತದೆ ಅಲ್ವಾ? ಏಡಿಯ ಜೊತೆ ಅದನ್ನೇ ಸೇರಿಸಿದರು. ನಾನು ತಿಂದ ಕ್ಯಾಲಿಫೋರ್ನಿಯಾ ರೋಲ್ ಹುಟ್ಟಿದ್ದು ಹೀಗಂತೆ. ಆಮೇಲೆ ಯಾರೋ ಅನ್ನವನ್ನು ಹೊರಗೆ ಮಾಡಿ, ಕಪ್ಪು ಕಾಗದದಂಥ ನೋರಿಯನ್ನು, ಅಂದರೆ ಒಣಗಿಸಿದ ಕಡಲ ಪಾಚಿಯ ಹಾಳೆಯನ್ನು, ಒಳಗೆ ಸುತ್ತಿಬಿಟ್ಟರು, ಏಕೆಂದರೆ ಇಲ್ಲಿಯವರಿಗೆ ಅದನ್ನು ಕಂಡರೇ ಆಗುತ್ತಿರಲಿಲ್ಲ. ಅದು ತನ್ನ ಉಪಾಯ ಅಂತ ಕೆನಡಾದ ವ್ಯಾಂಕೂವರಿನ ಅಡುಗೆಯವರು ಹಿದೆಕಾಜು ತೋಜೊ ಹೇಳುತ್ತಾರೆ. ಜಗಳ ಇನ್ನೂ ಮುಗಿದಿಲ್ಲ.

ಹಸಿ ಮೀನೂ ಇಲ್ಲ, ಕಪ್ಪು ಎಲೆಯೂ ಕಾಣದು. ಹೆದರಿದವರನ್ನು ಒಳಗೆ ಕರೆದದ್ದು ಈ ಮರೆಮಾಚುವಿಕೆಯೇ ಅಂತ ನನಗನ್ನಿಸುತ್ತದೆ.

1970ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋ ಹತ್ತಿರ ಓಶೋ ಅನ್ನುವ ಸುಶಿ ಹೋಟೆಲು ತೆರೆಯಿತು (ನಮ್ಮ ಓಶೋ ಅಲ್ಲ!). ನಟ ಯೂಲ್ ಬ್ರಿನ್ನರ್ ಅಲ್ಲಿನ ಗಿರಾಕಿ. ಸಿನಿಮಾದವರು ತಿಂದರೆ ಊರೂ ತಿನ್ನುತ್ತದೆ. 1977ರಲ್ಲಿ ಸೆನೆಟ್ ಸಮಿತಿಯೊಂದು ಕೆಂಪು ಮಾಂಸ ಕಡಿಮೆ ಮಾಡಿ, ಮೀನು ಜಾಸ್ತಿ ತಿನ್ನಿ ಅಂದಿತು. 1980ರಲ್ಲಿ 'ಶೋಗನ್' ಟಿವಿ ಧಾರಾವಾಹಿ ಬಂದು ಜಪಾನಿನ ಹುಚ್ಚು ಹಿಡಿಸಿತು. ಈಗಂತೂ ಸೂಪರ್ ಮಾರ್ಕೆಟ್ಟಿನಲ್ಲಿ ಹಾಲು, ಮೊಟ್ಟೆಯ ಜೊತೆ ಸುಶಿ ಡಬ್ಬಿ.

ಏಳುವ ಮುಂಚೆ ಗೆಳೆಯನ ತಟ್ಟೆಯಿಂದ ಒಂದು ಟ್ಯೂನಾ ತುಂಡು ಎತ್ತಿ, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡೆ. ವಾಸನೆಯೇ ಇಲ್ಲ ಮಾರಾಯ್ರೆ! ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಹಸಿಯಾ? ಆ ಹೋಟೆಲಲ್ಲಿ ಒಲೆ ಇಲ್ವಾ ಮಗಾ?" ಅಂದರು.