ಜನ್ಮಸ್ಥಳ: ಬೈಲಕುಪ್ಪೆ

14 ಸೆಪ್ಟೆಂಬರ್ 2025, ಭಾನುವಾರ
ಕುಶಾಲನಗರ

ಬೆಳಿಗ್ಗೆ ಕಾವೇರಿ ಸೇತುವೆ ದಾಟುವಾಗ ಮಳೆ ಹನಿಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಆಟೋದವರು ಗೋಲ್ಡನ್ ಟೆಂಪಲ್ ಕಡೆಗೆ ತಿರುಗಿಸಿದರು. ತಪ್ಪು ಅವರದಲ್ಲ. ನಾಲ್ಕು ವರ್ಷಗಳಿಂದ ನಾನೂ ಅಲ್ಲಿಗೇ ಹೋಗುತ್ತಿದ್ದವಳು. ನಮ್ಡ್ರೋಲಿಂಗ್ ಮಠದ ಬಂಗಾರದ ಬುದ್ಧ, ಟಿಬೆಟಿಯನ್ನರ ಹೊಸ ವರ್ಷದ ಲೋಸರ್ ಹಬ್ಬ, ದಲೈ ಲಾಮಾ ಬಂದರೆ ಮೊದಲ ಪುಟದ ಚಿತ್ರ. ಟಿಬೆಟಿಯನ್ನರ ಕ್ಯಾಂಪುಗಳಿರುವ ಬೈಲಕುಪ್ಪೆಯ ಬಗ್ಗೆ ನಾನು ಬರೆದದ್ದು ಇಷ್ಟೇ. ಈಗ ಟಿಬೆಟಿಯನ್ನರ ಸುದ್ದಿಯನ್ನೇ ಪೂರ್ತಿಯಾಗಿ ನೋಡಿಕೊಳ್ಳುವಂತೆ ಸಂಪಾದಕರು ಹೇಳಿದ್ದಾರೆ. ಮೂರು ವಾರದಿಂದ ಕ್ಯಾಂಪು ಕ್ಯಾಂಪು ಅಲೆಯುತ್ತಿದ್ದೇನೆ.

ಇವತ್ತು ಹೋದ ಮನೆಯ ಜಗಲಿಯಲ್ಲಿ ಮುಸುಕಿನ ಜೋಳ ಹರಡಿತ್ತು. ತೇವಕ್ಕೆ ಮುಗ್ಗಲು ಹಿಡಿಯಬಾರದೆಂದು ಮನೆಯ ಮಗಳು ಬರಿಗಾಲಿನಲ್ಲಿ ಕಾಳನ್ನು ಕೆದಕುತ್ತಾ ಅತ್ತಿಂದಿತ್ತ ನಡೆಯುತ್ತಿದ್ದರು. ಒಳಗೆ ಅವರ ತಾಯಿ ಜಪಮಾಲೆ ಹಿಡಿದು ಕುಳಿತಿದ್ದರು. ಇಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ ನಾನೂ ಅಮಾಲಾ ಎಂದೆ. ಅವರ ಕನ್ನಡ ಪಿರಿಯಾಪಟ್ಟಣದ ಸಂತೆಯಲ್ಲಿ ಕಲಿತದ್ದು. ಒಂದು ಮಾತಿಗೂ ತಡವರಿಸಲಿಲ್ಲ.

ಆಗಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕೊಟ್ಟಿತು, 1960ರ ಕೊನೆಗೆ ಮೊದಲ ತಂಡಗಳು ಬಂದವು. ಇದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಮೊದಲೇ ಇತ್ತು. ಅಮಾಲಾಗೆ ಆಗ ಏಳು ವರ್ಷವಂತೆ. "ಅಪ್ಪ, ಅಮ್ಮ ಕಾಡು ಕಡಿದು ಬೆಂಕಿ ಹಾಕುತ್ತಿದ್ದರು ಮಗಳೇ. ಹಗಲೂ ಹೊಗೆ, ರಾತ್ರಿಯೂ ಹೊಗೆ. ನಾವು ಚಳಿ ದೇಶದವರು, ಇಲ್ಲಿಯ ಸೆಖೆಗೇ ಎಷ್ಟೋ ಜನ ಸತ್ತರು. ಮೊದಲ ಸಲ ಜೋಳ ಬಂದಾಗ ಆನೆ ಬಂದು ತಿಂದು ಹೋಯಿತು." ಆನೆಯ ಮಾತು ಹೇಳುವಾಗ ಜಪಮಾಲೆ ನಿಂತಿತ್ತು.

ಆಮೇಲೆ ಮಗಳು ಕೈ ಒರೆಸಿಕೊಂಡು ಬಂದು ಬೀರುವಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದರು. ಅದರಲ್ಲಿ ಅವರ ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪತ್ರ. ಅಂಚು ನವೆದು ಬಟ್ಟೆಯಂತಾಗಿತ್ತು. ಜನ್ಮಸ್ಥಳ ಎಂಬಲ್ಲಿ ಬೈಲಕುಪ್ಪೆ, ರಾಷ್ಟ್ರೀಯತೆ ಎಂಬಲ್ಲಿ ಟಿಬೆಟಿಯನ್. ಆ ಎರಡು ಸಾಲುಗಳನ್ನು ಮತ್ತೆ ಮತ್ತೆ ಓದಿದೆ.

ಇವರ ಅಣ್ಣ ಹುಟ್ಟಿದ್ದು 1985ರಲ್ಲಿ, ಇವರು 1988ರಲ್ಲಿ, ಇಬ್ಬರೂ ಇದೇ ಊರಿನಲ್ಲಿ. 26 ಜನವರಿ 1950ರಿಂದ 1 ಜುಲೈ 1987ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎನ್ನುತ್ತದೆ ಪೌರತ್ವ ಕಾಯ್ದೆ. ಟಿಬೆಟಿಯನ್ನರಿಗೂ ಅದು ಅನ್ವಯಿಸುತ್ತದೆ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಹೈಕೋರ್ಟ್ ಹೇಳಿವೆ. ಅದರ ಬಲದಿಂದ ಅಣ್ಣ ಮತದಾರರ ಪಟ್ಟಿ ಸೇರಿದರು. ಆ ದಿನಾಂಕದ ನಂತರ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. ಇವರ ಇಬ್ಬರು ಹೆತ್ತವರೂ ಟಿಬೆಟಿನಲ್ಲಿ ಹುಟ್ಟಿದವರು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣ ಈ ದೇಶದವನು, ತಂಗಿ ಪರದೇಶದವಳು. ಇಂಥ ಮನೆಗಳು ನನ್ನ ಓಡಾಟದ ಹಾದಿಯಲ್ಲೇ ಇದ್ದರೂ ನಾನು ಒಮ್ಮೆಯೂ ಬಾಗಿಲು ತಟ್ಟಿರಲಿಲ್ಲ ಎಂಬುದು ನನ್ನನ್ನು ಕೊರೆಯುತ್ತಿದೆ.

"ಹಾಗಾದರೆ ನಿಮ್ಮನ್ನು ವಲಸಿಗರು ಎನ್ನಬೇಕೋ, ನಿರಾಶ್ರಿತರು ಎನ್ನಬೇಕೋ?" ಎಂದೆ. ವರದಿಯಲ್ಲಿ ಒಂದು ಪದವನ್ನು ಬರೆಯಲೇಬೇಕಲ್ಲ. ಭಾರತದಲ್ಲಿ ನಿರಾಶ್ರಿತರಿಗೆಂದೇ ಕಾನೂನಿಲ್ಲ, 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ. ಹಾಗಾಗಿ ಕಾಗದದಲ್ಲಿ ಇವರು ವಿದೇಶಿಯರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ನಿರಾಶ್ರಿತೆ. ನಾನು ಎಲ್ಲಿಂದಲೂ ಬಂದವಳಲ್ಲವಲ್ಲ ಅಕ್ಕಾ" ಎಂದರು.

ಈ ತಿಂಗಳ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ, 1946ರ ವಿದೇಶಿಯರ ಕಾಯ್ದೆ ಹೋಗಿದೆ. ನೋಂದಾಯಿತ ಟಿಬೆಟಿಯನ್ನರಿಗೆ ವಿನಾಯಿತಿ ಆದೇಶವೂ ಹೊರಬಿದ್ದಿದೆ. ಇದರಿಂದ ತಮಗೇನಾದರೂ ಬದಲಾಗುತ್ತದೆಯೇ ಎಂದು ಅವರು ನನ್ನನ್ನೇ ಕೇಳಿದರು. ಅಂದಾಜಿನ ಉತ್ತರ ಕೊಡಲು ಮನಸ್ಸಾಗಲಿಲ್ಲ. ಆದೇಶವನ್ನು ಪೂರ್ತಿ ಓದಿ, ವಕೀಲರನ್ನು ಕೇಳಿಕೊಂಡು ಬಂದು ಹೇಳುತ್ತೇನೆ ಎಂದೆ.

"ಅಕ್ಟೋಬರ್ ಮೊದಲ ವಾರದೊಳಗೆ ಬನ್ನಿ. ಆಮೇಲೆ ಸ್ವೆಟರ್ ಮಾರಲು ಹುಬ್ಬಳ್ಳಿಗೆ ಹೊರಡುತ್ತೇನೆ, ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ."

ಹೊರಟಾಗ ಅಮಾಲಾ ಜಗಲಿಯ ಜೋಳದಲ್ಲಿ ಎರಡು ಬೊಗಸೆ ಚೀಲಕ್ಕೆ ಹಾಕಿ ಕೊಟ್ಟರು. ಈಗ ಅದನ್ನು ಪತ್ರಿಕೆಯ ಮೇಲೆ ಹರಡಿ ಫ್ಯಾನ್ ಹಾಕಿದ್ದೇನೆ. ಇನ್ನೂ ಒಣಗಿಲ್ಲ.