ಗೇಮ್ ಮಾಡೋದು ಕಲಿಯಲು ಯಾವ ಕೋರ್ಸಿಗೆ ಸೇರಬೇಕು?

ಡೊಂಬಿವಲಿ, ಠಾಣೆ ಕಡೆಯ ನಮ್ಮ ಕನ್ನಡದ ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮಂದಿರು, ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸದ್ಯಕ್ಕೆ ಯಾವ ಕೋರ್ಸೂ ಬೇಡ. ಎರಡು ನಿಮಿಷದಲ್ಲಿ ಆಡಿ ಮುಗಿಸುವಂಥ ಒಂದೇ ಒಂದು ಆಟವನ್ನು ಮೊದಲು ಪೂರ್ತಿ ಮಾಡಿ. ಫೀಸು ಕಟ್ಟುವ ವಿಚಾರ ಆಮೇಲೆ.

ಆಟ ತಯಾರಿಸಲು ಗೊಡೋ (Godot) ಎಂಬ ಎಂಜಿನ್ ಸಾಕು. ಉಚಿತ, ಮುಕ್ತ ತಂತ್ರಾಂಶ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಡೌನ್‌ಲೋಡ್ ಮಾಡುವಾಗ ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಗಾಗಿ ಇರುವ ಡಾಟ್‌ನೆಟ್ ಆವೃತ್ತಿ ಬಿಟ್ಟು ಸಾಮಾನ್ಯ ಆವೃತ್ತಿಯನ್ನೇ ತೆಗೆದುಕೊಳ್ಳಿ. ಗೊಡೋ 4ರಲ್ಲಿ ಸಿ ಶಾರ್ಪ್‌ನಲ್ಲಿ ಬರೆದ ಆಟವನ್ನು ಬ್ರೌಸರಿನಲ್ಲಿ ಆಡುವ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡಲು ಆಗದೆ ಕೊನೆಯ ದಿನ ಕೈ ಚೆಲ್ಲಿದವರಿದ್ದಾರೆ.

ಆಟ ಯಾವುದು? ಮಳೆಗಾಲದಲ್ಲಿ ಸ್ಟೇಷನ್ ರಸ್ತೆಯ ಗುಂಡಿಗಳನ್ನು ಹಾರುತ್ತಾ ಹೋಗಿ 8.12ರ ಲೋಕಲ್ ಹಿಡಿಯುವುದು. ಓಟ, ಜಿಗಿತ, ಅಷ್ಟೇ. ಶತ್ರು, ಅಂಗಡಿ, ಹತ್ತು ಲೆವೆಲ್ ಯಾವುದೂ ಬೇಡ.

ಆಟಗಾರನಿಗೆ ಕ್ಯಾರೆಕ್ಟರ್‌ಬಾಡಿ2ಡಿ ನೋಡ್ (ಗೊಡೋದಲ್ಲಿ ಆಟ ಕಟ್ಟುವ ಬಿಡಿಭಾಗ) ಹಾಕಿ, ಅದರ ಕೆಳಗೆ ಚಿತ್ರಕ್ಕೊಂದು ಸ್ಪ್ರೈಟ್, ಡಿಕ್ಕಿಗೊಂದು ಕೊಲಿಷನ್‌ಶೇಪ್. ಎರಡನೆಯದನ್ನು ಮರೆತರೆ ಆಟಗಾರ ರಸ್ತೆಯನ್ನೇ ತೂರಿಕೊಂಡು ಪಾತಾಳಕ್ಕೆ ಇಳಿಯುತ್ತಾನೆ. ಚಲನೆಯ ಸ್ಕ್ರಿಪ್ಟ್ ಟೆಂಪ್ಲೇಟಿನಲ್ಲೇ ಸಿಗುತ್ತದೆ: ವೇಗ 300, ಜಿಗಿತ ಮೈನಸ್ 400, ಗುರುತ್ವ ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿರುವ 980. ಜಿಗಿತ ಮೈನಸ್ ಯಾಕೆಂದರೆ ಇಲ್ಲಿ ವೈ ಅಕ್ಷ ಕೆಳಮುಖ.

ಈ ಮೂರು ಅಂಕಿಗಳ ಹತ್ತಿರ ಸ್ವಲ್ಪ ಕೂತುಕೊಳ್ಳಿ, ಡಿಸೈನ್ ಅನ್ನುವುದು ಇಲ್ಲೇ ಇದೆ. 400ರ ವರ್ಗವನ್ನು 980ರ ಎರಡರಷ್ಟರಿಂದ ಭಾಗಿಸಿದರೆ ಜಿಗಿತದ ಎತ್ತರ, ಸುಮಾರು 82 ಪಿಕ್ಸೆಲ್. ಗಾಳಿಯಲ್ಲಿರುವ ಹೊತ್ತು 0.82 ಸೆಕೆಂಡ್. ಅಷ್ಟರಲ್ಲಿ ಅವನು ಮುಂದೆ ಹೋಗುವುದು ಸುಮಾರು 245 ಪಿಕ್ಸೆಲ್. ಹಾಗಾಗಿ ಮೊದಲ ಗುಂಡಿ 120, ಆಮೇಲಿನದು 160, ತೀರಾ ಕಷ್ಟದ್ದು 200. ಆಟಗಾರನ ಮೈ ಅಗಲದಿಂದ ಇನ್ನೊಂದಿಷ್ಟು ದೂರ ಸಿಗುವುದು ನಿಜ, ಅದನ್ನು ನಂಬಿ ಮಾತ್ರ ಗುಂಡಿ ತೋಡಬೇಡಿ.

ಅಂಚು ದಾಟಿದ ಮೇಲೂ 0.1 ಸೆಕೆಂಡ್ ಜಿಗಿಯಲು ಬಿಡಿ. ಸೆಕೆಂಡಿಗೆ 60 ಫ್ರೇಮಿನ (ಪರದೆಯ ಚಿತ್ರಗಳ) ಲೆಕ್ಕದಲ್ಲಿ ಅದು ಆರು ಫ್ರೇಮ್. ಇಷ್ಟು ಕೊಡದಿದ್ದರೆ ಆಡುವವರು "ನಾನು ಒತ್ತಿದ್ದೆ, ಹಾರಲೇ ಇಲ್ಲ" ಅಂತ ಸಿಟ್ಟಾಗುತ್ತಾರೆ, ಮತ್ತು ಅವರ ಮಾತು ಸರಿಯೇ.

ಹೊಸಬರು ಮಾಡುವ ಇನ್ನೊಂದು ತಪ್ಪು, ವೇಗವನ್ನು ಡೆಲ್ಟಾದಿಂದ, ಅಂದರೆ ಎರಡು ಫ್ರೇಮುಗಳ ನಡುವಿನ ಹೊತ್ತಿನಿಂದ, ಗುಣಿಸುವುದು. ಆಟಗಾರನನ್ನು ಸರಿಸುವ ಮೂವ್ ಆಂಡ್ ಸ್ಲೈಡ್ ಆದೇಶ ಆ ಕೆಲಸವನ್ನು ಒಳಗೇ ಮಾಡಿರುತ್ತದೆ. ನೀವೂ ಗುಣಿಸಿದರೆ 300 ಇದ್ದದ್ದು 5 ಆಗಿ ಆಟಗಾರ ತೆವಳುತ್ತಾನೆ.

ಮುಗಿದ ಮೇಲೆ ವೆಬ್ ಎಕ್ಸ್‌ಪೋರ್ಟ್ ಮಾಡಿ. ಮುಖ್ಯ ಫೈಲಿಗೆ ಇಂಡೆಕ್ಸ್ ಎಂದೇ ಹೆಸರಿಟ್ಟು, ಎಲ್ಲವನ್ನೂ ಜಿಪ್ ಮಾಡಿ ಆಟಗಳನ್ನು ಹಂಚುವ ತಾಣ ಇಚ್.ಐಓದಲ್ಲಿ (itch.io) ಹಾಕಿ. ಕನ್ನಡ ಅಕ್ಷರ ಬಳಸಿದ್ದರೆ ನೋಟೋ ಸ್ಯಾನ್ಸ್ ಕನ್ನಡ ಫಾಂಟನ್ನು ಪ್ರಾಜೆಕ್ಟಿನೊಳಗೇ ಸೇರಿಸಿರಬೇಕು. ನಿಮ್ಮ ಕಂಪ್ಯೂಟರಿನಲ್ಲಿ ಸಿಸ್ಟಮ್ ಫಾಂಟ್ ನೆರವಿಗೆ ಬಂದು ಎಲ್ಲ ಚೆನ್ನಾಗೇ ಕಾಣುತ್ತದೆ, ಬ್ರೌಸರಿನಲ್ಲಿ ಆ ನೆರವಿಲ್ಲ, ಬರೀ ಚೌಕಗಳು ಬರುತ್ತವೆ.

ಆಮೇಲೆ ಪಕ್ಕದ ಮನೆಯವರ ಕೈಗೆ ಕೊಟ್ಟು, ಏನೂ ಹೇಳಿಕೊಡದೆ ಹಿಂದೆ ನಿಂತು ನೋಡಿ. ಒಂದೇ ಗುಂಡಿಗೆ ನಾಲ್ಕು ಸಲ ಬಿದ್ದರೆ ಅದನ್ನು 20 ಪಿಕ್ಸೆಲ್ ಕಿರಿದು ಮಾಡಿ, ಇನ್ನೊಬ್ಬರಿಗೆ ಕೊಡಿ.